ಬಚ್ಚಲಿಗೆ ಎರಡನೇ ಬಾಗಿಲಿತ್ತೇ?

ಕಳೆದ ವಾರ ಮೈಸೂರಿನ ನಟ್ಟನಡುವೆ ಇರುವ ದೊಡ್ಡ, ಹಳೇ ಹೋಟೆಲಿನಲ್ಲಿ ರೂಮು ಮಾಡಿದೆ. ಒಳಗೆ ಹೋದವನು ಕಿಟಕಿಯಾಚೆಯ ಸರ್ಕಲ್ ನೋಡಲಿಲ್ಲ, ಎಸಿ ಹಾಕಲಿಲ್ಲ. ನೇರ ಬಚ್ಚಲಿಗೆ ನುಗ್ಗಿ ಗೋಡೆ ತಟ್ಟತೊಡಗಿದೆ.

ಹುಚ್ಚಲ್ಲ ಮಾರಾಯರೆ, ಮಾನದ ಪ್ರಶ್ನೆ.

ನಾನಿನ್ನೂ ಚಡ್ಡಿ ಹಾಕುತ್ತಿದ್ದಾಗ ಸೋದರಮಾವನ ಮದುವೆಗೆ ಹೆಡತಲೆ ಎಂಬ ಹಳ್ಳಿಯಿಂದ ಬಂದ ಗಂಡಿನ ಕಡೆಯವರನ್ನು ಹೆಣ್ಣಿನವರು ಇದೇ ಹೋಟೆಲಿನಲ್ಲಿ ಇಳಿಸಿದ್ದರು. (ಬೀಗರನ್ನು ಎಲ್ಲೆಂದರಲ್ಲಿ ಇಳಿಸಲಾಗುತ್ತದೆಯೇ?) ನಮ್ಮ ರೂಮಿನ ಬಚ್ಚಲಿಗೆ ಎರಡು ಬಾಗಿಲು. ಎರಡನೆಯದರಾಚೆ ಕಬ್ಬಿಣದ ಸುರುಳಿ ಮೆಟ್ಟಿಲು. ಕಕ್ಕಸು ತೊಳೆಯುವವರು ಗೆಸ್ಟುಗಳ ಕಣ್ಣಿಗೆ ಬೀಳದಿರಲಿ ಎಂದು ಮಾಡಿಸಿದ್ದ ದಾರಿ. ಮುಂಬಾಗಿಲಿನ ಕೆಂಪು ಕಾರ್ಪೆಟ್ಟಿನ ಮೇಲೆ ಕಾಲಿಡಲು ಹೆದರಿದ ನಮ್ಮವರು ಇದನ್ನೇ ಹಿತ್ತಲ ಬಾಗಿಲೆಂದುಕೊಂಡು, ಮದುಮಗನ ಸಮೇತ, ಇಲ್ಲಿಂದಲೇ ಇಳಿದು ಛತ್ರಕ್ಕೆ ಹೋದರು.

ಇದನ್ನು ಹೇಳಿದಾಗಲೆಲ್ಲ ತಿ. ನರಸೀಪುರದ ನಮ್ಮಕ್ಕ ನಗುತ್ತಿದ್ದಳು. “ಬಚ್ಚಲಿಗೆ ಎಲ್ಲಾರ ಎರಡು ಬಾಕ್ಲು ಇರ್ತದಾ? ಕನಸು ಕಂಡಿದ್ದೀಯ ಕಣ್ಲಾ. ನಾವು ಇಳ್ಕೊಂಡಿದ್ದು ಛತ್ರದಲ್ಲೇಯ.”

ಮನೆಮಂದಿಯೆಲ್ಲ ಅವಳ ಕಡೆ. ಯೂನಿವರ್ಸಿಟಿ ನನಗೆ ಎಲ್ಲವನ್ನೂ ಅನುಮಾನಿಸಲು ಕಲಿಸಿತ್ತು. ಈಗ ನನ್ನನ್ನೇ ಅನುಮಾನಿಸತೊಡಗಿದೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ನಂಜನಗೂಡಿನ ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡುವ ಗಿರಾಕಿ ನಾನು. ಹಾಗಾದರೆ ವಾರವಾರ ನಿಮಗೆ ಬರೆದುಕೊಟ್ಟ ನೆನಪುಗಳ ಗತಿ? ಬಾಗಿಲು ಸಿಗದಿದ್ದರೆ ಅಂಕಣವನ್ನೇ ನಿಲ್ಲಿಸುತ್ತೇನೆಂದು ಪಂಥ ಕಟ್ಟಿ, ಅಕ್ಕನನ್ನೂ ಹೊರಡಿಸಿಕೊಂಡು ಬಂದಿದ್ದೆ.

ಗೋಡೆ ತುಂಬ ಹೊಳೆಯುವ ಟೈಲ್ಸ್. ಬಾಗಿಲು ಒಂದೇ.

“ಇನ್ಮೇಲೆ ಬರೀಬ್ಯಾಡ, ಬುಡು,” ಎಂದಳು ಅಕ್ಕ, ಮೆತ್ತನೆ ಹಾಸಿಗೆಯ ಮೇಲೆ ಕಾಲು ಚಾಚಿ.

ಮ್ಯಾನೇಜರನ್ನು ಕೇಳಿದೆ. “ನಾನು ಬಂದಾಗಿಂದ ಹೀಗೇ ಇದೆ ಸಾರ್.”

ಜೋಲುಮುಖ ಹೊತ್ತು ಕಾಫಿಗೆ ಇಳಿದೆ. ಹಿಂದೆ ಅಕ್ಕ. ಹೋಟೆಲಿನ ಹಿಂಬದಿಗೆ ಬಂದರೆ, ಬಳ್ಳಿಯ ಮರೆಯಲ್ಲಿ ತುಕ್ಕು ಹಿಡಿದ ಸುರುಳಿ ಮೆಟ್ಟಿಲು! ಅದರ ತುದಿಯಲ್ಲಿ, ಇಟ್ಟಿಗೆ ಕಟ್ಟಿ ಮುಚ್ಚಿದ ಬಾಗಿಲಿನ ಗುರುತು.

ಆದರೂ ಅನುಮಾನ. ಇಂಥ ಮೆಟ್ಟಿಲು ಬೇರೆಲ್ಲೋ ನೋಡಿರಬಹುದಲ್ಲ? ಹತ್ತಿಯೇ ನೋಡೋಣವೆಂದು ಕಾಲಿಟ್ಟೆ.

“ಲೇ, ಉಸಾರು! ಕಂಬಿ ಇಡ್ಕೊ! ಅವತ್ತೂ ಇಲ್ಲೇ ಜಾರಿ, ಒಸ ಚಡ್ಡಿ ಅರ್ಕೊಂಡು ಗೋಳೋ ಅಂದಿದ್ದೆ!”

ತಿರುಗಿದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಯಾವತ್ತು, ಅಕ್ಕಾ?”

“ಗಂಡಿನ ದಿಬ್ಬಣ ಕಕ್ಕಸಿನ ದಾರೀಲಿ ಇಳೀತು ಅಂತ ಪೇಪರ್‌ಗೆ ಬರ್ದುಬುಟ್ಟೀಯ ಅಂತ ಎದ್ರಿಕೆ ಕಣ್ಲಾ,” ಎಂದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಗೆದ್ದವನ ನಗು, ಜೋರಾಗಿಯೇ ಇತ್ತು. ಹೋಟೆಲಿನವರು ಆ ಬಾಗಿಲಿಗೆ ಟೈಲ್ಸ್ ಹಾಕಿದ್ದರು, ಅಕ್ಕ ನಗು ಹಾಕಿದ್ದಳು. ಯಾವ ಮನೆಯಲ್ಲಿ ಇಂಥದ್ದೊಂದು ಬಾಗಿಲು ಮುಚ್ಚಿಲ್ಲ, ಹೇಳಿ?

ರೂಮು ಖಾಲಿ ಮಾಡುವಾಗ ಮುಂಬಾಗಿಲಿನ ಕೆಂಪು ಕಾರ್ಪೆಟ್ಟಿನ ಮೇಲೆಯೇ, ಚಪ್ಪಲಿ ಹಾಕಿಕೊಂಡು, ನಿಧಾನವಾಗಿ ನಡೆದು ಹೋದೆವು.

ಇದನ್ನೆಲ್ಲ ಬರೆಯುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆನೇ? ಅದೊಂದು ಮಾತ್ರ ನನಗೆ ನೆನಪಿಲ್ಲ.