ಏಳು ದಿನದ ಉಪವಾಸ

ಬೈಲಹೊಂಗಲದಿಂದ ಮುನವಳ್ಳಿ ಮೇಲೆ ಸವದತ್ತಿಗೆ ಹೋಗುವ ಬಸ್ಸಿಗೆ ನಾನು ಕಂಡಕ್ಟರ್. ದೊಡ್ಡ ಕರುಳಿನಲ್ಲಿ ಹುಣ್ಣಾಗಿದೆ ಎಂದು ಡಾಕ್ಟರು ಹೇಳಿದಾಗ ನನಗಿದ್ದ ಹೆದರಿಕೆ ಒಂದೇ, ಈ ಬಸ್ಸು ಕೈತಪ್ಪುತ್ತದೆ ಎಂದು. ಗುಳಿಗೆ ಬಿಡಬೇಡಿ, ಹತೋಟಿಗೆ ಬರುತ್ತದೆ ಎಂದಿದ್ದರು. ಬರುವವರೆಗೆ? ಹೊಟ್ಟೆ ಹೇಳದೆ ಕೇಳದೆ ಹಿಂಡುತ್ತಿತ್ತು, ರಕ್ತವೂ ಹೋಗುತ್ತಿತ್ತು. ಖಾಕಿ ತೊಟ್ಟ ಹೆಂಗಸು ನಡುದಾರಿಯಲ್ಲಿ ಎಲ್ಲಿಗೆ ಓಡಬೇಕು?

ಡ್ಯೂಟಿ ಮುಗಿಯುವವರೆಗೆ ಏನೂ ತಿನ್ನುವುದೇ ಬೇಡ ಎಂದು ನಿರ್ಧರಿಸಿದೆ. ನಮ್ಮ ಕಡೆ ಅದೂ ಸುಲಭವಲ್ಲ. ರೊಟ್ಟಿ ಗಂಟು ಬಿಚ್ಚಿದವರು ಕಂಡಕ್ಟರಿಗೆ ಕೊಡದೆ ತಾವು ತಿನ್ನುವುದಿಲ್ಲ, ಬೇಡವೆಂದರೆ ಸಿಟ್ಟಾಗುತ್ತಾರೆ. ಅದಕ್ಕೆ "ಇವತ್ತ ಉಪವಾಸ ಐತ್ರಿ" ಎನ್ನತೊಡಗಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಉಪವಾಸ ಎಂದದ್ದೇ ಶೇಂಗಾ ಉಂಡಿ, ಸಾಬೂದಾನಿ, ಬಾಳೆಹಣ್ಣು ಮೊದಲಿಗಿಂತ ಹೆಚ್ಚು ಬರತೊಡಗಿದವು. ದಿನಾ ಬರುವ ಅಜ್ಜಿಯೊಬ್ಬಳು, "ಭಾಳ ದೇವರಂಥಾ ಹುಡುಗಿ" ಎಂದು ಇಡೀ ಬಸ್ಸಿಗೆ ಸಾರಿದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಡಿ ಎಂದು ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೆ. ಕೊಡಲು ಮನಸ್ಸಾಗಲಿಲ್ಲ. ಈ ದಾರಿ, ಈ ಗದ್ದಲ, ಈ ಜನ, ಎಲ್ಲವೂ ನನಗೆ ಬೇಕಾಗಿತ್ತು.

ಒಂದು ಮಧ್ಯಾಹ್ನ ಮುನವಳ್ಳಿಗಿಂತ ಮೊದಲಿನ ಸ್ಟಾಪಿನಲ್ಲಿ ಆ ಅಜ್ಜಿ ಇಳಿಯುತ್ತಿದ್ದಳು. ಅವಳ ಮನೆ ಎದುರಿಗೇ ಇದೆ. ಅದೇ ಹೊತ್ತಿಗೆ ನನ್ನ ಹೊಟ್ಟೆ ಹಿಂಡಿತು.

"ಯಮ್ಮಾ, ನಿಮ್ಮ ಮನ್ಯಾಗ ಪಾಯಖಾನಿ ಐತೇನ್ರಿ?"

"ಐತಿ, ನಡಿ."

ನಾನು ಹೊರಗೆ ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. "ವಾರದಾಗ ಏಳೂ ದಿನ ಉಪವಾಸ ಮಾಡಂತ ಯಾ ದೇವರು ಹೇಳ್ಯಾನವಾ?"

ಎಲ್ಲವನ್ನೂ ಹೇಳಿದೆ. ಅಳು ತಡೆಯಲಾಗಲಿಲ್ಲ. "ಹುಚ್ಚಿ, ಬ್ಯಾನಿ ಬಂದರ ಬ್ಯಾನಿ ಅನ್ನಬೇಕು" ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು.

ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳೇ. ನಾನು ಹೊಸ್ತಿಲಲ್ಲೇ ನಿಂತೆ. ಅಜ್ಜಿಯೇ ಮುಂದೆ ಹೋಗಿ, "ಕಂಡಕ್ಟರ್ ಹುಡುಗಿಗೆ ಕರುಳ ಬ್ಯಾನಿ ಐತಿ. ಅವಸರ ಇದ್ದವರು ಇಳದು ನಡಕೋತ ಹೋಗ್ರಿ" ಎಂದಳು. ಒಬ್ಬರೂ ಇಳಿಯಲಿಲ್ಲ.

"ಮೊದಲ ಹೇಳಬಾರದೇನ ತಂಗಿ?" ಎಂದ ಡ್ರೈವರಣ್ಣ. "ನಾ ಏನ ಇಮಾನ ಹಾರಸಾಕ ಹತ್ತೇನೇನು, ನಡುವ ನಿಲ್ಲಸಾಕ ಬರೂದಿಲ್ಲ ಅನ್ನಾಕ?"

ಮರುದಿನ ಅದೇ ಸ್ಟಾಪಿನಲ್ಲಿ ಅಜ್ಜಿ ಡಬ್ಬಿ ಹಿಡಿದು ಹತ್ತಿದಳು. ಮೆತ್ತಗೆ ಬೇಯಿಸಿದ ಅನ್ನ, ಮಜ್ಜಿಗೆ. "ನಮ್ಮ ಮನ್ಯಾಗ ಖಾರ ಇಲ್ಲದ ಅಡಿಗಿ ಇದ ಮೊದಲ. ರುಚಿ ಇಲ್ಲ ಅಂತ ನನಗ ಹೇಳಬ್ಯಾಡ."

ಈಗ ಗುಳಿಗೆಯ ಗುಣ ಕಾಣುತ್ತಿದೆ. ಒಂದೊಂದು ದಿನ ಬಸ್ಸು ಇನ್ನೂ ಆ ಮನೆಯ ಮುಂದೆ ಕಾಯುತ್ತದೆ, ಯಾರೂ ಗೊಣಗುವುದಿಲ್ಲ. ಅಜ್ಜಿ ಮೊದಲ ಸಲ ಡಬ್ಬಿ ತಂದ ಆ ದಿನ ಸವದತ್ತಿ ಸ್ಟ್ಯಾಂಡಿನಲ್ಲಿ ಎಲ್ಲರ ಎದುರೇ ಊಟಕ್ಕೆ ಕೂತಾಗ, ಡಬ್ಬಿಯ ಕೆಳಗೆ ಹಾಸಲು ಒಂದು ಕಾಗದ ಬೇಕಾಯಿತು. ಚೀಲದಲ್ಲಿದ್ದ ಅರ್ಜಿ ತೆಗೆದು ಹಾಸಿದೆ. ಕೊನೆಯ ಅಗುಳಿನವರೆಗೆ ಉಂಡು, ಕೈ ತೊಳೆದು, ಎರಡು ಸೀಟಿ ಊದಿದೆ.