ಮೆಕ್ಯಾನಿಕಲ್ಲಿಗೆ ಹತ್ತನೆಯವಳು

ಸಿಟ್ಟು, ಸೆಡವು, ಸಕ್ಕರೆ ಕಾಯಿಲೆ ಮೂರೂ ಇದ್ದವು ಅಮರಪ್ಪ ಸರ್‌ಗೆ. ಆದರೆ ಅವರನ್ನು ಹಣ್ಣು ಮಾಡಿದ್ದು ಹೊಟ್ಟೆಕಿಚ್ಚು. ಆ ಕಿಚ್ಚಿಗೊಂದು ಹೆಸರಿತ್ತು: ಮೌನೇಶ್ವರಿ ಮೇಡಂ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇವರು ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು, ಆಕೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ.

ಶಿರವಾಳದ ಅಮರಪ್ಪ ಕಾಲೇಜಿಗೆ ಸೇರಿದಾಗ ಕಾಲವೇ ಬೇರೆ ಇತ್ತು. ಮೆಕ್ಯಾನಿಕಲ್ ಅಂದರೆ ಗಂಡುಮಕ್ಕಳ ಓದು, ರಾಜನಂಥ ಓದು. ಜೂನ್ ಬಂತೆಂದರೆ ಸುತ್ತಲಿನ ಊರುಗಳ ಗೌಡರು, ಶೆಟ್ಟರು, ಮಾಸ್ತರರು ಮಕ್ಕಳ ಕೈಹಿಡಿದುಕೊಂಡು ಬಂದು, “ಸರ, ಹೆಂಗರ ಮಾಡಿ ಮೆಕ್ಯಾನಿಕಲ್ ಕೊಡಸ್ರಿ” ಎಂದು ಅವರ ಕೋಣೆಯ ಮುಂದೆ ಕೂರುತ್ತಿದ್ದರು. ಆಗ ಕಂಪ್ಯೂಟರ್ ವಿಭಾಗಕ್ಕೆ ಸರಿಯಾದ ಕೋಣೆಯೂ ಇರಲಿಲ್ಲ. ಹೊಸದಾಗಿ ಬಂದ ಮೌನೇಶ್ವರಿ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಂಡು ಕೂತಿದ್ದಳು. ಕುರ್ಚಿಯಿಲ್ಲವೆಂದು ಅಮರಪ್ಪನವರೇ ವರ್ಕ್‌ಶಾಪಿನಿಂದ ಒಂದು ಕುರ್ಚಿ ಕಳಿಸಿದ್ದರು. “ಪಾಪ, ಹೆಣ್ಣುಹುಡುಗಿ” ಎಂದು ಬೇರೆ ಅಂದಿದ್ದರು.

ಆ ಪಾಪದ ಹುಡುಗಿ ನೋಡನೋಡುತ್ತ ಬೆಳೆದಳು. ಕಂಪ್ಯೂಟರ್ ಒಂದು ಸೆಕ್ಷನ್ ಇದ್ದದ್ದು ಎರಡಾಯಿತು, ಎರಡು ಮೂರಾಯಿತು. ಅದರ ಬೆನ್ನಿಗೆ ಎಐ ಅಂತ ಇನ್ನೊಂದು ಬ್ರಾಂಚು ಬಂತು, ಅದೂ ಆಕೆಯ ಸೆರಗಿಗೇ ಬಿತ್ತು. ಹಿಂದೆ ಪದವಿ ಪ್ರದಾನದ ದಿನ ಮೆಕ್ಯಾನಿಕಲ್ ಹುಡುಗರ ಹೆಸರು ಓದುವಷ್ಟರಲ್ಲಿ ಅತಿಥಿಗಳು ತೂಕಡಿಸುತ್ತಿದ್ದರು. ಈಗ ಅತಿಥಿಗಳು ಕನ್ನಡಕ ಏರಿಸುವಷ್ಟರಲ್ಲಿ ಮೆಕ್ಯಾನಿಕಲ್ ಮುಗಿದಿರುತ್ತಿತ್ತು. ಆಮೇಲೆ ಮೌನೇಶ್ವರಿ ಮೇಡಂ ವಿದ್ಯಾರ್ಥಿಗಳ ಸಾಲು, ಅದರಲ್ಲಿ ಅರ್ಧಕ್ಕರ್ಧ ಹುಡುಗಿಯರು, ಬಾಗಿಲಾಚೆಯ ತನಕ. ಅಮರಪ್ಪ ವೇದಿಕೆಯ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಒಳಗೆ ಕರುಳಿಗೆ ಖಾರ ಅರೆದಂತಾಗುತ್ತಿತ್ತು. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಳ್ಳಿರಿ ಎಂದು ಹೇಳುವುದು ಸುಲಭ. ಅವರ ವರ್ಕ್‌ಶಾಪಿನ ಅರ್ಧಕ್ಕೆ ಗೋಡೆ ಎಬ್ಬಿಸಿ ಏಸಿ ಹಾಕಿ ಆಕೆಗೆ ಹೊಸ ಲ್ಯಾಬ್ ಮಾಡಿಕೊಟ್ಟ ದಿನ ಯಾವ ಬಟ್ಟೆ ಸಾಲುತ್ತಿತ್ತು?

ಈ ವರ್ಷ ಆಡಳಿತ ಮಂಡಳಿಯವರು ಕರೆದು ನೇರ ಹೇಳಿಬಿಟ್ಟರು. ಮೆಕ್ಯಾನಿಕಲ್ಲಿಗೆ ಹತ್ತು ಮಂದಿಯಾದರೂ ಸೇರದಿದ್ದರೆ ಬ್ರಾಂಚ್ ಬಂದ್. ಉಳಿದ ಅರ್ಧ ವರ್ಕ್‌ಶಾಪೂ ಕಂಪ್ಯೂಟರಿನವರಿಗೆ.

ಅದೇ ವಾರ ಮನೆಯಲ್ಲಿ ಇನ್ನೊಂದು ರಗಳೆ. ಒಬ್ಬಳೇ ಮಗಳು ನಾಗಲಕ್ಷ್ಮಿ ಪಿಯುಸಿ ಮುಗಿಸಿದ್ದಳು, ಸಿಇಟಿ ಬರೆದಿದ್ದಳು. ಸಣ್ಣಾಕೆಯಿದ್ದಾಗಿನಿಂದ ಅಪ್ಪನ ಬೆನ್ನು ಹತ್ತಿ ವರ್ಕ್‌ಶಾಪಿಗೆ ಬಂದು, ಲೇಥ್ ಮಷೀನಿನಿಂದ ಉದುರಿದ ಕಬ್ಬಿಣದ ಸುರುಳಿಗಳನ್ನು ಆರಿಸಿ ಬಳೆ ಮಾಡಿಕೊಂಡು ಬೆಳೆದ ಹುಡುಗಿ.

“ಅಪ್ಪ, ನಾ ಮೆಕ್ಯಾನಿಕಲ್ ತಗೋತೀನಿ. ನಿಮಗೂ ಒಂದು ತಲಿ ಕೂಡ್ತದ” ಅಂದಳು.

ಅಮರಪ್ಪನವರಿಗೆ ಎದೆ ಉಬ್ಬಬೇಕಿತ್ತು. ಉಬ್ಬಲಿಲ್ಲ, ಝಲ್ಲೆಂದಿತು. “ಹುಚ್ಚಿ ಇದ್ದೀಯೇನು? ಮುಳುಗೋ ಹಡಗದು. ಸುಮ್ನ ಕಂಪ್ಯೂಟರ್ ಹಾಕು.”

“ಮತ್ತ ದಿನಾ ಮೇಡಮ್ಮಿಗಿ ಬೈತೀರಲ್ಲ?”

“ಬೈಯೋದು ಬ್ಯಾರೆ, ಬಾಳೋದು ಬ್ಯಾರೆ.”

ಹುಡುಗಿ ಎರಡು ದಿನ ಉಣ್ಣಲಿಲ್ಲ. ಅಮರಪ್ಪ ಕರಗಲಿಲ್ಲ. ಮಗಳ ಪಕ್ಕ ತಾವೇ ಕೂತು, ಸಿಇಟಿಯ ಆನ್‌ಲೈನ್ ಅರ್ಜಿಯಲ್ಲಿ ಮೊದಲ ಆಯ್ಕೆ ತಮ್ಮ ಕಾಲೇಜಿನ ಕಂಪ್ಯೂಟರ್ ಎಂದು ಒತ್ತಿಸಿದರು. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಹಾಗೆ.

ಮರುದಿನದಿಂದ ಮೇಷ್ಟ್ರು ಮೋಟರ್ ಸೈಕಲ್ ಏರಿ ಊರೂರು ತಿರುಗಿದರು. ಬೇಸಿಗೆಯಲ್ಲಿ ಖಾಸಗಿ ಕಾಲೇಜಿನ ಮೇಷ್ಟ್ರುಗಳು ಹೆಣ್ಣು ನೋಡಲು ಹೊರಟ ಬೀಗರಂತೆ ಮನೆಮನೆಗೆ ಹೋಗಿ ವಿದ್ಯಾರ್ಥಿಗಳನ್ನು ಕೇಳುವುದು ಈಗ ಮಾಮೂಲು. ಮುದನಾಳದಲ್ಲಿ ಚಹಾ ಸಿಕ್ಕಿತು, ಹುಡುಗರು ಸಿಗಲಿಲ್ಲ. ಒಬ್ಬ ತಂದೆಯಂತೂ, “ನಿಮ್ಮಲ್ಲಿ ಕಂಪ್ಯೂಟರ್ ಮೇಡಂ ಭಾಳ ಚಲೋ ಅದಾರಂತ, ಅವರ ನಂಬರ ಕೊಡ್ರಿ” ಎಂದ. ಅಮರಪ್ಪ ನಂಬರು ಕೊಟ್ಟರು. ಕೊಡುವಾಗ ಒಂದು ಅಂಕಿ ತಪ್ಪು ಹೇಳಿದರು.

ಹಾಗೂ ಹೀಗೂ ಒಂಬತ್ತು ತಲೆ ಕೂಡಿದವು. ಹತ್ತನೆಯದಕ್ಕಾಗಿ ಕಡೇಚೂರಿಗೆ ಬಂದರು. ಅಲ್ಲಿನ ಕಂಪನಿಯೊಂದರಲ್ಲಿ ಕಸ ಹೊಡೆಯುವ ದುರಗಮ್ಮನ ಮಗಳು ಭಾಗ್ಯ ಒಳ್ಳೇ ಮಾರ್ಕ್ಸ್ ತೆಗೆದಿದ್ದಾಳೆಂದು ಯಾರೋ ಹೇಳಿದ್ದರು. ದುರಗಮ್ಮನ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ತಾಯಿ ಮಗಳು ಇಬ್ಬರೇ.

“ಬರ್ರಿ ಸರ, ಕುಂದರ್ರಿ” ಎಂದು ದುರಗಮ್ಮ ಚಾಪೆ ಹಾಸಿದಳು.

ಅಮರಪ್ಪ ಬಾಗಿಲಿನಿಂದಲೇ ಕಂಪನಿಯ ಚಿಮಣಿ ತೋರಿಸಿದರು. “ನೋಡವ್ವಾ, ಅಲ್ಲೆಲ್ಲ ಬೇಕಾಗೋದು ಮೆಕ್ಯಾನಿಕಲ್ಲೇ. ಕಂಪ್ಯೂಟರ್ ಅಂತ ಎಲ್ಲಾರೂ ಓಡಾಕತ್ತಾರ. ನಾಳೆ ಅವರಿಗೆ ಯಾರು ಕೆಲಸ ಕೊಡ್ತಾರ?”

“ಮಷೀನ ನಾವೇ ನಡಸಬೌದೇನ್ರಿ?” ಎಂದು ಭಾಗ್ಯ ಕೇಳಿದಳು. ತಾಯಿಗೆ ಬುತ್ತಿ ಕೊಡಲು ಹೋದಾಗೆಲ್ಲ ಗೇಟಿನ ಸಂದಿಯಿಂದ ಆ ಮಷೀನುಗಳನ್ನು ನೋಡುತ್ತ ನಿಂತವಳು ಅವಳು.

ದುರಗಮ್ಮ ಮಾತ್ರ ಅಷ್ಟು ಬೇಗ ಒಪ್ಪುವ ಹೆಂಗಸಲ್ಲ. “ನಮ್ಮ ಸೂಪರ್‌ವೈಜರ್ ಅಂತಾರ್ರಿ, ಇಕಿ ರ‍್ಯಾಂಕಿಗಿ ಕಂಪ್ಯೂಟರ್ ಸಿಗ್ತದಂತ. ನಾ ಓದಿದಾಕಿ ಅಲ್ಲ, ನನಗೇನ್ ತಿಳೀತದ? ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಮಕ್ಕಳು ಅದಾರೇನ್ರಿ?”

“ಒಬ್ಬಾಕಿ ಮಗಳಿದಾಳ. ಈ ವರ್ಷ ಆಕೀನೂ ಸೇರಾಕತ್ತಾಳ.”

“ಆಕಿ ಏನ್ ತಗೊಂಡಾಳ್ರಿ?”

ಅಮರಪ್ಪನವರಿಗೆ ಆ ಗಳಿಗೆಯಲ್ಲಿ ಕಂಡದ್ದು ಮೌನೇಶ್ವರಿ ಮೇಡಂ. ತಮ್ಮ ವರ್ಕ್‌ಶಾಪಿನ ನಡುವೆ ನಿಂತು, ಕಂಪ್ಯೂಟರ್ ಮೇಜು ಎಲ್ಲಿಡಬೇಕೆಂದು ಕೈಮಾಡಿ ತೋರಿಸುತ್ತಿದ್ದ ಹಾಗೆ. “ಮೆಕ್ಯಾನಿಕಲ್ಲೇ” ಎಂದುಬಿಟ್ಟರು.

“ಹಂಗಾದ್ರ ಆತು ಬಿಡ್ರಿ” ಎಂದಳು ದುರಗಮ್ಮ. “ನಿಮ್ಮ ಮಗಳಿಗಿ ಆದದ್ದು ನನ್ನ ಮಗಳಿಗೂ ಆಗಲಿ.”

ಬ್ರಾಂಚು ಉಳಿಯಿತು. ಅಮರಪ್ಪ ಕಾಲೇಜಿನ ಅಂಗಳದಲ್ಲಿ ಎದುರಾದ ಮೌನೇಶ್ವರಿ ಮೇಡಂಗೆ ಬೇಕೆಂದೇ ಜೋರಾಗಿ ನಮಸ್ಕಾರ ಹೊಡೆದರು.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಅವತ್ತು ಮಕ್ಕಳ ಮನೆಯವರೂ ಕಾಲೇಜಿಗೆ ಬರುವುದು ಅಲ್ಲಿನ ಪದ್ಧತಿ. ವರ್ಕ್‌ಶಾಪಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಪೂಜೆಯಾದ ಮೇಲೆ ಹಳೆಯ ದೊಡ್ಡ ಲೇಥನ್ನು ಆ ವರ್ಷ ಹೊಸದಾಗಿ ಸೇರಿದವರಲ್ಲಿ ಒಬ್ಬರು ಮೊದಲು ಚಾಲೂ ಮಾಡಬೇಕು. ಈ ಸಲ ಭಾಗ್ಯ. ಅವಳು ಗುಂಡಿ ಒತ್ತಿದಳು, ಮಷೀನು ಗುರ್ ಎಂದಿತು, ಹುಡುಗರು ಸಿಳ್ಳೆ ಹೊಡೆದರು. ದುರಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮರಪ್ಪನವರಿಗೆ ಎಷ್ಟೋ ವರ್ಷಗಳ ಮೇಲೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ.

ಆಗ ಬಾಗಿಲಲ್ಲಿ ನಾಗಲಕ್ಷ್ಮಿ ಕಂಡಳು. ಹೊಸ ಸೀರೆ, ಹಣೆಗೆ ಪೂಜೆಯ ಕುಂಕುಮ.

“ಇಕಿ ನಿಮ್ಮ ಮಗಳೇನ್ರಿ ಸರ? ನಿಮ್ಮ ಮಾರಿನೇ ಅದ” ಎಂದಳು ದುರಗಮ್ಮ. “ಬಾರವ್ವಾ ಒಳಗ. ನಿನಗ್ಯಾಕ ಮಷೀನ ಹಚ್ಚಾಕ ಕೊಡಲಿಲ್ಲ?”

“ನಂದು ಇದಲ್ರಿ” ಎಂದಳು ನಾಗಲಕ್ಷ್ಮಿ. “ನಂದು ಗ್ವಾಡಿ ಆಕಡೀಗಿ. ಕಂಪ್ಯೂಟರ್.”

ಮಷೀನು ಸಿಕ್ಕ ಖುಷಿಯಲ್ಲಿ ಭಾಗ್ಯ ಇದನ್ನು ತಾಯಿಗೆ ಹೇಳೇ ಇರಲಿಲ್ಲ. ದುರಗಮ್ಮ ಅಮರಪ್ಪನವರ ಕಡೆ ತಿರುಗಿದಳು. ಬೈಯಲಿಲ್ಲ. “ಹಂಗಾದ್ರ ನನ್ನ ಮಗಳಿಗಿ ಯಾಕ ಇದು ಹೇಳಿದ್ರಿ ಸರ?” ಎಂದಷ್ಟೇ ಕೇಳಿ, ಉತ್ತರಕ್ಕೆ ನಿಲ್ಲದೆ ಮಗಳ ಹತ್ತಿರ ಹೋದಳು.

ಅಮರಪ್ಪ ಏನಾದರೂ ಹೇಳಬೇಕೆಂದು ಮಗಳ ಮುಖ ನೋಡಿದರು. ಅವಳು ಇವರನ್ನು ನೋಡುತ್ತಿರಲಿಲ್ಲ. ಎಣ್ಣೆ ಹತ್ತಿದ ಕೈ ಎತ್ತಿ ಗೆಳೆಯರ ಜೊತೆ ನಗುತ್ತಿದ್ದ ಭಾಗ್ಯಳನ್ನೇ ನೋಡುತ್ತಿದ್ದಳು. ಆ ನೋಟದ ಗುರುತು ಅಮರಪ್ಪನವರಿಗೆ ಹತ್ತದೆ ಇರುತ್ತದೆಯೇ? ಅಷ್ಟು ವರ್ಷ ಮೌನೇಶ್ವರಿಯ ಬೆನ್ನನ್ನು ಅವರು ನೋಡಿದ್ದು ಅದೇ ಕಣ್ಣಿನಿಂದ.

“ಬಾ ಮಗಳ, ನೀನೂ ಒಮ್ಮಿ ಹಚ್ಚು” ಎಂದು ಅವಳ ಕೈ ಹಿಡಿದರು.

ನಾಗಲಕ್ಷ್ಮಿ ಮೆಲ್ಲಗೆ ಕೈ ಬಿಡಿಸಿಕೊಂಡಳು. ಅಪ್ಪನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಅಂದಳು: “ಬ್ಯಾಡ ಬಿಡ್ರಿ. ಭಾಗ್ಯಾನ ನಸೀಬ ಚಲೋ ಅದ. ಅಡ್ಡ ಬರಾಕ ಆಕಿಗೆ ಅಪ್ಪ ಇಲ್ಲ.”