ಮಾವಶಿಯ ಊರು ದಾಟಿ ಹೋದ ಮೂರು ಸೈಕಲ್ಲು

ಮಿರಜಿನಿಂದ ವಿಜಯಪುರಕ್ಕೆ ಸೈಕಲ್ ಮೇಲೆ ಹೋಗೋಣ ಎಂದವನು ನಾನೇ. ಮನೆಯಲ್ಲಿ ಆ ಮಾತು ಬಂದಾಗೆಲ್ಲ ಎಲ್ಲರೂ ನನ್ನ ಕಡೆಗೇ ಬೆರಳು ಮಾಡುತ್ತಾರೆ, ಮಾಡಲಿ. ಐವತ್ತೈದು ದಾಟಿದ ಮೂವರು ಗಂಡಸರು. ಒಬ್ಬನಿಗೆ ಮೊಣಕಾಲು ನೋವು, ಒಬ್ಬನಿಗೆ ಸಕ್ಕರೆ ಕಾಯಿಲೆ, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಂಥ ದಂಡು ಎರಡು ದಿನ ಹಾದಿಯ ಮೇಲೆ ಜಗಳವಾಡದೆ ಉಳಿದದ್ದೇ ದೊಡ್ಡದು.

ನನ್ನದು ಕುಪವಾಡದ ಕಾರ್ಖಾನೆ ಪ್ರದೇಶ ಎಂಐಡಿಸಿಯಲ್ಲಿ ಎರಡು ಲೇಥ್ ಮಷೀನಿನ ಸಣ್ಣ ವರ್ಕ್‌ಶಾಪು, ಮನೆ ಮಿರಜಿನ ಹತ್ತಿರದ ವಿಶ್ರಾಮಬಾಗದಲ್ಲಿ. ಮೊಣಕಾಲು ನೋವಿನವನು ಲಿಂಗನೂರಿನ ರೈತ, ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತವನು. ಸಕ್ಕರೆ ಕಾಯಿಲೆಯವನು ಮಿರಜಿನ ಒಂದು ಬ್ಲಡ್ ಬ್ಯಾಂಕಿನಲ್ಲಿ ಲ್ಯಾಬ್ ಕೆಲಸ ಮಾಡಿ ನಿವೃತ್ತನಾದವನು. ಅವನು ಅರ್ಧ ಮಾತು ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾನೆ. ಭಾನುವಾರ ಬೆಳಿಗ್ಗೆ ಮೂವರೂ ಕೂಡಿ ಸೈಕಲ್ ಹೊಡೆಯುವುದು ಹಳೆಯ ರೂಢಿ.

ಲಿಂಗನೂರಿನವನಿಗೆ ಒಬ್ಬಳು ಮೊಮ್ಮಗಳು. ಆಗ ಆರು ವರ್ಷ. ಹುಟ್ಟಿದಾಗಿನಿಂದ ಅವಳ ಮೈಯಲ್ಲಿ ಬೇಕಾದಷ್ಟು ರಕ್ತ ಹುಟ್ಟುವುದಿಲ್ಲ. ಮೂರು ವಾರಕ್ಕೊಮ್ಮೆ ಮಿರಜಿಗೆ ಕರೆತಂದು ಬೇರೆಯವರ ರಕ್ತ ಏರಿಸಬೇಕು. ಅವಳದು ಬಿ ನೆಗೆಟಿವ್, ಸಿಗುವುದು ಕಷ್ಟ. ಒಮ್ಮೆ ಕೊಟ್ಟವರು ಮತ್ತೆ ಮೂರು ತಿಂಗಳು ಕೊಡುವಂತಿಲ್ಲ. ಹೀಗಾಗಿ ನಾಲ್ಕೈದು ಮಂದಿ ಪಾಳಿಯ ಮೇಲೆ ಬಂದು ಕೊಡುತ್ತಿದ್ದರು. ಆ ವರ್ಷ ಅವರಲ್ಲಿ ಒಬ್ಬರು ಪುಣೆಗೆ ಹೋದರು, ಇನ್ನೊಬ್ಬರಿಗೆ ಕಾಮಾಲೆ ಆಯಿತು. ಎರಡು ಸಲ ರಕ್ತ ಒಂದು ವಾರ ತಡವಾಗಿ ಸಿಕ್ಕಿತು. ಆ ವಾರ ನಾನು ಅವರ ಮನೆಗೆ ಹೋಗಿದ್ದೆ. ಹುಡುಗಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ತುಟಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ನಗಲು ನೋಡಿದಳು, ಆಗಲಿಲ್ಲ. ನಾನು ಹೊರಗೆ ಬಂದು ಸುಮ್ಮನೆ ಗೆಳೆಯನ ಮೇಲೆ ಕೂಗಾಡಿದೆ, ಅವನು ಮಾಡಿದ ತಪ್ಪೇನೂ ಇರಲಿಲ್ಲ.

ಸೈಕಲ್ ಯಾತ್ರೆಯ ವಿಚಾರ ಬಂದದ್ದು ಅಲ್ಲಿಂದ. ಹಾದಿಯುದ್ದಕ್ಕೂ ಜನರ ರಕ್ತದ ಗುಂಪು ನೋಡುತ್ತ ಹೋಗುವುದು, ಹೊಂದಿದವರನ್ನು ಕೈಮುಗಿದು ಕೇಳುವುದು. ಲ್ಯಾಬಿನವನು ತನ್ನ ಹಳೆಯ ಸಾಮಾನನ್ನೆಲ್ಲ ಐಸ್ ಡಬ್ಬಿಯಲ್ಲಿ ಹಾಕಿ ಕ್ಯಾರಿಯರಿಗೆ ಕಟ್ಟಿದ. ಬೆರಳಿನಿಂದ ಒಂದು ಹನಿ ತೆಗೆದರೆ ಸಾಕು, ಎರಡು ನಿಮಿಷದಲ್ಲಿ ಗುಂಪು ತಿಳಿಯುತ್ತದೆ. ಲಿಂಗನೂರಿನವನು ಒಂದೇ ಷರತ್ತು ಹಾಕಿದ.

"ಹುಡಗಿ ಸುದ್ದಿ ಎಲ್ಲೂ ಎತ್ತಬ್ಯಾಡ್ರಿ. ನಾಳೆ ದೊಡ್ಡಾಕಿ ಆಗ್ತಾಳ, ಲಗ್ನ ಆಗಬೇಕು. ಮಂದಿ ಬಾಯಿ ನಿಮಗ ಗೊತ್ತೈತಿ."

ಆಗಲಿ ಎಂದೆವು. ಸೈಕಲ್ಲಿಗೆ ಕಟ್ಟಿದ ಬಟ್ಟೆಯ ಮೇಲೆ 'ರಕ್ತ ಬೇಕಾದ ಮಕ್ಕಳಿಗಾಗಿ' ಎಂದಷ್ಟೇ ಬರೆಸಿದೆವು, ಒಂದು ಬದಿ ಮರಾಠಿ, ಒಂದು ಬದಿ ಕನ್ನಡ. ಕಾಗವಾಡದ ಗಡಿ ದಾಟಿದ ಮೇಲೆ ತಿರುಗಿಸಿ ಕಟ್ಟಿದರಾಯಿತು.

ತಪ್ಪು ಮಾಡಿದ್ದು ಎಲ್ಲಿ ಎಂದರೆ ನಿಲ್ಲುವ ಜಾಗ ಆರಿಸುವುದರಲ್ಲಿ. ಈ ಹಾದಿಯ ತುಂಬ ನಮ್ಮವರೇ. ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟದ್ದು ಅಲ್ಲಿಗೆ, ಸೊಸೆಯರನ್ನು ತಂದದ್ದು ಅಲ್ಲಿಂದ. ಹೋಟೆಲು ಯಾಕೆ, ನೆಂಟರ ಮನೆಯಲ್ಲೇ ನಿಲ್ಲೋಣ, ಅಲ್ಲೇ ನಾಲ್ಕು ಮಂದಿ ಸೇರುತ್ತಾರೆ ಎಂದು ನಾನು ಪಟ್ಟಿ ಮಾಡಿದೆ. ಒಂದೊಂದು ಮನೆಗೆ ಇಪ್ಪತ್ತು ನಿಮಿಷ. ಕೂದಲೆಳೆ ಅಳತೆ ಹಿಡಿದು ಕಬ್ಬಿಣ ಕೊರೆಯುವವನು ನಾನು, ನನ್ನ ಟೈಮ್‌ಟೇಬಲ್ ತಪ್ಪುತ್ತದೆಯೇ! ನನ್ನ ಹೆಂಡತಿ ಆ ಪಟ್ಟಿ ನೋಡಿ ನಕ್ಕಳು. ಆಮೇಲೆ ಸುಮ್ಮನಿರದೆ ಎಲ್ಲರ ಮನೆಗೂ ಫೋನ್ ಮಾಡಿ ನಾವು ಬರುವುದನ್ನು ತಿಳಿಸಿಬಿಟ್ಟಳು.

ಕಾಗವಾಡದಲ್ಲಿ ಮೊದಲ ಮನೆ, ನನ್ನ ತಮ್ಮನ ಮಾವನದು. ನಾವು ಮುಟ್ಟಿದಾಗ ಬೆಳಿಗ್ಗೆ ಏಳೂವರೆ. ನಡುಮನೆಯಲ್ಲಿ ಚಾಪೆ ಹಾಸಿ, ತಾಟು ಇಟ್ಟು, ಇಡೀ ಓಣಿ ಕಾಯುತ್ತಿತ್ತು.

"ಬೀಗರ, ಮೊದಲ ಬೆರಳ ಕೊಡ್ರಿ. ಒಂದ ಹನಿ ಸಾಕು," ಎಂದೆ.

"ಬೆರಳ ಎಲ್ಲಿ ಓಡಿ ಹೋಗ್ತಾವ್ರಿ? ಕುಂದ್ರಿ. ಎರಡ ತುತ್ತ ತಿನ್ರಿ ಮೊದಲ."

ಎರಡು ತುತ್ತು ಎಂದರೆ ಉಪ್ಪಿಟ್ಟು, ಅದರ ಮೇಲೆ ಶಿರಾ, ಅದರ ಮೇಲೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಒಲ್ಲೆ ಎಂದರೆ ಕೈ ಹಿಡಿದು ಬಡಿಸುತ್ತಾರೆ. ಊಟ ಆದಮೇಲೆ ಬೆರಳು ಕೇಳಿದರೆ ಅರ್ಧ ಮಂದಿ ಹಿತ್ತಲಿಗೆ ಹೋಗಿದ್ದರು. ಹುರಿ ಮೀಸೆಯ ಒಬ್ಬ ಪೈಲವಾನ ಸೂಜಿ ನೋಡಿದ ಕೂಡಲೇ ಗೋಡೆಗೆ ಒರಗಿ ಕೂತುಬಿಟ್ಟ, ಅವನಿಗೆ ಈರುಳ್ಳಿ ಮೂಸಿಸಬೇಕಾಯಿತು. ಅಲ್ಲಿ ಎರಡು ತಾಸು ಹೋದವು. ಎರಡನೆಯದು ನನ್ನ ಷಡ್ಡಕನ ಮನೆ, ಅಲ್ಲಿ ಹೋಳಿಗೆ. ಹೊಟ್ಟೆ ಒಡೆಯುವಂತೆ ಉಂಡು ಸೈಕಲ್ ಹತ್ತುವ ಕಷ್ಟ ಏನೆಂದು ಬಲ್ಲವನೇ ಬಲ್ಲ. ನಾನು ಹಾದಿಯುದ್ದಕ್ಕೂ ಗೊಣಗಿದೆ. ಇವತ್ತು ಬಡಿಸಿದ ಆ ಕೈಗಳನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಯಾರಿಗೂ ಸರಿಯಾಗಿ ಹೊಟ್ಟೆ ತುಂಬಿತವ್ವಾ ಎಂದೂ ಹೇಳಲಿಲ್ಲ ನಾನು.

ಪ್ರತಿ ಮನೆಯಲ್ಲೂ ಲ್ಯಾಬಿನವನು ಬಿಳಿ ಬಿಲ್ಲೆಯ ಮೇಲೆ ಹನಿಗಳನ್ನು ಕಲಸುವಾಗ ಲಿಂಗನೂರಿನವನು ಬಾಗಿಲ ಚೌಕಟ್ಟಿಗೆ ಆತು ನಿಂತು ನೋಡುತ್ತಿದ್ದ. "ಪಾಸಿಟಿವ್. ಹಾ ಪಣ ಪಾಸಿಟಿವ್. ಇವರದೂ ಪಾಸಿಟಿವ್," ಎಂದು ಕೇಳಿದ ಮೇಲೆ ಹೊರಗೆ ಹೋಗಿ ಟಾಯರಿನ ಗಾಳಿ ಒತ್ತಿ ನೋಡುತ್ತಿದ್ದ. ಟಾಯರಿಗೆ ಏನೂ ಆಗಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ನನ್ನ ಮಾವಶಿಯ ಊರು ಬಂತು. ಮಾವಶಿ ಎಂದರೆ ನನ್ನ ಅವ್ವನ ತಂಗಿ. ಅವ್ವ ಹೋದಮೇಲೆ ನನ್ನನ್ನು ಹಕ್ಕಿನಿಂದ ಬೈಯುವವರು ಉಳಿದದ್ದು ಇವರೊಬ್ಬರೇ. ಮನೆ ದೊಡ್ಡ ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ. ಅಲ್ಲಿ ಹೋದರೆ ಇವತ್ತು ಅಲ್ಲೇ ವಸತಿ ಎಂದು ನನಗೆ ಗೊತ್ತು. ಬರುವಾಗ ಹೋಗೋಣ ಎಂದು ತಲೆ ತಗ್ಗಿಸಿ ಪೆಡಲ್ ತುಳಿದೆ. ಅಷ್ಟರಲ್ಲಿ ಲ್ಯಾಬಿನವನು ಕೈ ನಡುಗುತ್ತಿದೆ, ಸಕ್ಕರೆ ಇಳಿದಂತಿದೆ ಎಂದ. ಹೋಳಿಗೆಗೆ ಹೆದರಿ ಅವನೊಬ್ಬ ಉಪವಾಸ ಇದ್ದ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಿಂತು ಬಿಸ್ಕೀಟು ತಿನ್ನಿಸಿ, ಮೂವರೂ ಚಹಾ ಕುಡಿದೆವು.

ಹೋಟೆಲಿನವನು ನನ್ನ ಮುಖ ನೋಡಿ, "ನೀವು ನಮ್ಮ ಅಕ್ಕಾರ ಅಕ್ಕನ ಮಗ ಅಲ್ಲೇನ್ರಿ?" ಎಂದ. ಹೌದು ಎಂದು ತಲೆಯಾಡಿಸಿದೆ. ಅಲ್ಲಿಗೆ ಮುಗಿಯಿತು, ಆ ಊರವರು ಅಕ್ಕಾರು ಎನ್ನುವುದು ನಮ್ಮ ಮಾವಶಿಗೇ, ಸುದ್ದಿ ಸಂಜೆಯೊಳಗೆ ಅವರ ಮನೆ ಮುಟ್ಟುತ್ತದೆ. ಮಾವಶಿಯ ಊರಲ್ಲಿ ಹೋಟೆಲ್ ಚಹಾ ಕುಡಿಯುವುದು ಅಂದರೆ ನಮ್ಮ ಕಡೆ ಅವರ ಮನೆಯ ಮುಂದೆ ನಿಂತು ಬೈದಂತೆ.

ಅಥಣಿ ಮುಟ್ಟಿದಾಗ ಹೊತ್ತು ಮುಳುಗಿತ್ತು. ಮರುದಿನ ಎದುರು ಗಾಳಿ. ವಿಜಯಪುರ ಕಾಣುವ ಹೊತ್ತಿಗೆ ಮತ್ತೆ ಮಧ್ಯಾಹ್ನ. ಎರಡು ದಿನಕ್ಕೆ ಸಿಕ್ಕ ಬಿ ನೆಗೆಟಿವ್ ಒಬ್ಬರೇ, ತೆಲಸಂಗದ ಒಬ್ಬ ಅಜ್ಜ, ಎಪ್ಪತ್ತು ದಾಟಿದವರು. "ಎಷ್ಟ ಬೇಕಾದ್ರ ತಗೋರಿ ತಮ್ಮಾ, ಇನ್ನ ನನಗೇನ ಮಾಡೂದೈತಿ," ಎಂದು ತೋಳು ಚಾಚಿದರು. ವಯಸ್ಸಾದವರದು ತೆಗೆದುಕೊಳ್ಳುವಂತಿಲ್ಲ ಎಂದು ಲ್ಯಾಬಿನವನು ಹೇಳಲಾರದೆ ಹೇಳಿದ. ಲಿಂಗನೂರಿನವನು ಬಾಗಿ ಆ ಅಜ್ಜನ ಕಾಲು ಮುಟ್ಟಿದ. ಆ ಊರ ಹೊರಗೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, "ಆತಪಾ. ನೀವಿಬ್ಬರೂ ಬಂದ್ರಿ, ನನಗ ಅಷ್ಟ ಸಾಕು," ಎಂದ. ನನಗೆ ಎಲ್ಲದರ ಮೇಲೂ ಸಿಟ್ಟು ಬಂತು, ಗಾಳಿಯ ಮೇಲೆ, ಹೋಳಿಗೆಯ ಮೇಲೆ, ಇಪ್ಪತ್ತು ನಿಮಿಷ ಎಂದು ಬರೆದ ನನ್ನ ಮೇಲೆ. ಮುಂದಿನ ವಾರ ಹುಡುಗಿಯ ಪಾಳಿ ಇತ್ತು, ರಕ್ತ ಎಲ್ಲಿಂದ ತರುವುದೋ ಯಾರಿಗೂ ಗೊತ್ತಿರಲಿಲ್ಲ.

ವಿಜಯಪುರದಿಂದ ಮಿರಜಿಗೆ ಖಾಲಿ ಹೊರಟಿದ್ದ ಒಂದು ಟೆಂಪೊದವನು ಬಟ್ಟೆಯ ಮೇಲಿನ ಬರಹ ಓದಿ, ಮೂರು ಸೈಕಲ್ಲನ್ನೂ ತಾನೇ ಎತ್ತಿ ಹಾಕಿಕೊಂಡ. ಅವನ ಮುಖ ನೆನಪಿಲ್ಲ, ಉಪಕಾರ ನೆನಪಿದೆ. ನಾವು ಹಿಂದೆ ಗೋಣಿಚೀಲದ ಮೇಲೆ ಮಲಗಿದವರು ಎದ್ದದ್ದು ಮಿರಜಿನಲ್ಲೇ. ಮಾವಶಿಯ ಊರು ಎರಡನೆಯ ಸಲವೂ ದಾಟಿ ಹೋಗಿತ್ತು.

ಮೂರನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಒಂದು ಕ್ರೂಸರ್ ಜೀಪು ಬಂದು ನಿಂತಿತು. ಮೊದಲು ಇಳಿದವರು ಮಾವಶಿ. ಹಿಂದೆ ಮೂವರು ಮಕ್ಕಳು, ಇಬ್ಬರು ಸೊಸೆಯರು. ನಾನು ಒಳಗೆ ಓಡಿ ಲಿಂಗನೂರಿನವನಿಗೆ ಫೋನ್ ಹಚ್ಚಿದೆ: "ಲಗೂ ಬಾ. ಮಾವಶಿ ಬಂದಾರ. ನಾ ಒಬ್ಬನ ಬೈಸ್ಕೊಳ್ಳಾಂಗಿಲ್ಲ."

ಮಾವಶಿ ಪಡಸಾಲೆಯಲ್ಲಿ ನಿಂತೇ ಶುರು ಮಾಡಿದರು. "ಬೀಗರ ಮನೀಗೆ ಹೋದಿ, ಷಡ್ಡಕನ ಮನೀಗೆ ಹೋದಿ. ಎಲ್ಲಾರ ರಕ್ತ ನೋಡಿದಿ. ನಮ್ಮ ಊರಾಗ ಹೋಟೆಲ್ ಚಾ ಕುಡದ ಮುಂದ ಹೋದಿ. ಯಾಕ, ನಮ್ಮ ಮೈಯಾಗ ಹರಿಯೂದು ರಕ್ತ ಅಲ್ಲೇನು?"

"ತಪ್ಪಾತ್ರಿ ಮಾವಶಿ. ಕುಂದ್ರಿ."

"ಕುಂದ್ರಾಕ ಬಂದಿಲ್ಲ ನಾ. ಆ ಸೂಜಿಯಾಂವನ್ನ ಕರಿ. ನನ್ನ ಮಕ್ಕಳದ ನೋಡ್ಲಿ."

ಲ್ಯಾಬಿನವನು ಡಬ್ಬಿ ಹಿಡಿದು ಬಂದ. ಒಬ್ಬೊಬ್ಬರೇ ಬೆರಳು ಕೊಟ್ಟರು. ಹಿರಿಯ ಮಗ ಪಾಸಿಟಿವ್. ಎರಡನೆಯವನದು ನೋಡಿ ಲ್ಯಾಬಿನವನು ಬಿಲ್ಲೆಯನ್ನು ಬೆಳಕಿಗೆ ಹಿಡಿದ. ಮತ್ತೊಂದು ಹನಿ ತೆಗೆದ. ಮೂರನೆಯ ಸಲವೂ ನೋಡಿ, "ಬಿ ನೆಗೆಟಿವ್," ಎಂದ. ಕಿರಿಯ ಸೊಸೆಯದೂ ಅದೇ ಬಂತು. ಮಾವಶಿಯದೂ ಅದೇ. ಆ ಹೊತ್ತಿಗೆ ಲಿಂಗನೂರಿನವನು ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಈ ಸಲ ಹೊರಗೆ ಹೋಗಲಿಲ್ಲ.

ಮಾವಶಿ ಸೆರಗು ಬಿಗಿದು, "ಮೊದಲ ನನ್ನದ ತಗೋ," ಎಂದರು.

"ಮಾವಶಿ, ವಯಸ್ಸ ಎಷ್ಟ್ರಿ?" ಎಂದು ಲ್ಯಾಬಿನವನು ಕೇಳಿದ.

"ಐವತ್ತ ಅಂತ ಬರ್ಕೋ."

ಹಿರಿಯ ಮಗನಿಗೇ ಐವತ್ತು. ಎಲ್ಲರೂ ನಕ್ಕರು, ಅವರು ನಗಲಿಲ್ಲ. ವಯಸ್ಸಾಯಿತು, ಬೇಡ ಎಂದು ಲ್ಯಾಬಿನವನು ಅಂದದ್ದಕ್ಕೆ ಅವರ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಮುಚ್ಚಲು ಜೋರಾಗಿ, "ಹೋಗ್ಲಿ, ಯಾವ ಮಕ್ಕಳಿಗೆ ಇದು? ಯಾರ ಮಕ್ಕಳು? ಅದನರ ಹೇಳ್ರಿ," ಎಂದರು.

ನಾನು ಏನೋ ಹಾರಿಕೆಯ ಉತ್ತರ ಹುಡುಕುತ್ತಿದ್ದೆ. ಲಿಂಗನೂರಿನವನು ಬಂದು ಅವರ ಮುಂದೆ ನೆಲದ ಮೇಲೆ ಕೂತ.

"ನನ್ನ ಮೊಮ್ಮಗಳಿಗೆ ರಿ, ಮಾವಶಿ. ಆರ ವರ್ಷದಾಕಿ."

ಎರಡು ದಿನ ಅಷ್ಟು ಮನೆ ತಿರುಗಿ ಒಬ್ಬರ ಮುಂದೆಯೂ ಆಡದ ಮಾತು ಅದು. ಆಮೇಲೆ ಅವನು ತಡೆದುಕೊಳ್ಳಲಿಲ್ಲ. ಹುಡುಗಿ ಮಲಗಿದ್ದು, ತುಟಿ ಬೆಳ್ಳಗಾದದ್ದು, ಲಗ್ನಕ್ಕೆ ಅಡ್ಡಿ ಬಂದೀತೆಂದು ಮುಚ್ಚಿಟ್ಟದ್ದು, ಎಲ್ಲ ಹೇಳಿದ. ಐವತ್ತು ವರ್ಷದ ಗೆಳೆತನದಲ್ಲಿ ಅವನು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

ಮಾವಶಿ ಅವನ ಪಕ್ಕದಲ್ಲೇ ನೆಲಕ್ಕೆ ಕೂತರು. "ಖೋಡಿ, ಇದನ ಮೊದಲ ಹೇಳಾಕ ಏನಾಗಿತ್ತು ನಿನಗ? ಲಗ್ನದ ಚಿಂತಿ ಆಮ್ಯಾಲ ಮಾಡೂಣು. ಮೊದಲ ಅಕಿ ದೊಡ್ಡಾಕಿ ಆಗ್ಲಿ." ಮಕ್ಕಳ ಕಡೆ ತಿರುಗಿ, "ಏಳ್ರಿ, ಎಲ್ಲೈತಿ ದವಾಖಾನಿ? ನಡೀರಿ," ಎಂದರು. ಎರಡನೆಯ ಮಗ ಅವತ್ತೇ ಮಿರಜಿಗೆ ಹೋಗಿ ರಕ್ತ ಕೊಟ್ಟು ಬಂದ. ಸೊಸೆ ಮುಂದಿನ ಪಾಳಿ ತನ್ನದು ಎಂದು ಹೇಳಿಟ್ಟಳು.

ಊರಿಗೆ ಹೋಗಿ ಮಾವಶಿ ಸುಮ್ಮನೆ ಕೂರಲಿಲ್ಲ. ಹಿತ್ತಲಿಗೆ ಓಡಿದ್ದವರನ್ನೆಲ್ಲ ಫೋನಿನಲ್ಲಿ ಹಿಡಿದು, ಯಾರ ಸಲುವಾಗಿ ಎಂಬುದನ್ನು ಗೆಳೆಯನ ಒಪ್ಪಿಗೆ ಕೇಳಿ ನೇರವಾಗಿ ಹೇಳಿ, ಆ ಹಾದಿಯಲ್ಲೇ ಇನ್ನೂ ಇಬ್ಬರನ್ನು ಹುಡುಕಿದರು. ನಾವು ಮೂವರು ಸೈಕಲ್ ತುಳಿದು ಮಾಡಲಾರದ್ದನ್ನು ಅವರ ಸಿಟ್ಟು ಮಾಡಿತು. ಹುಡುಗಿಗೆ ಈಗ ಒಂಬತ್ತು, ನಾಲ್ಕನೆಯ ಇಯತ್ತೆ. ಅಂದಿನಿಂದ ಒಂದು ಪಾಳಿಯೂ ತಪ್ಪಿಲ್ಲ. ಇದನ್ನು ಬರೆ ಎಂದವನೂ ಅವಳ ಅಜ್ಜನೇ. ದೇವರು ನನಗೆ ಇಂಥ ಗೆಳೆಯರನ್ನು, ಇಂಥ ಮಾವಶಿಯನ್ನು ಕೊಟ್ಟ. ನನ್ನಂಥ ಸಿಡುಕನಿಗೆ ಇದು ಅರ್ಹತೆಗಿಂತ ಹೆಚ್ಚು.

ಆ ಮೊದಲ ಸಲ, ಮಾವಶಿಯ ಮಗನ ರಕ್ತ ಹುಡುಗಿಗೆ ಏರುತ್ತಿದ್ದಾಗ ನಾನೂ ಅಲ್ಲಿದ್ದೆ. ಶೀತಪೆಟ್ಟಿಗೆಯಿಂದ ತಂದ ರಕ್ತ ಒಳಗೆ ಹೋಗುವಾಗ ತಣ್ಣಗೆ ಅನಿಸುತ್ತದಂತೆ. ಗೆಳೆಯ ಮಾವಶಿಗೆ ವಿಡಿಯೊ ಕಾಲ್ ಹಚ್ಚಿ ಫೋನನ್ನು ಹುಡುಗಿಯ ಮುಂದೆ ಹಿಡಿದ. ಹುಡುಗಿಗೆ ಕನ್ನಡ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. ಸ್ವಲ್ಪ ಹೊತ್ತು ಆ ಹೊಸ ಅಜ್ಜಿಯ ಮುಖ ನೋಡಿದಳು.

"ಅಜ್ಜಿ, ಕೈ ಥಂಡ ಆಗಾಕತ್ತೈತಿ," ಎಂದಳು.

ಮಾವಶಿ ಮುಖವನ್ನು ಫೋನಿಗೆ ಹತ್ತಿರ ತಂದರು. ಆಮೇಲೆ ಹೇಳಿದರು:

"ತಪ್ಪ ನಂದವಾ. ಮುಂದಿನ ಸಲ ನನ್ನ ಮಗಗ ಬಿಸಿ ರೊಟ್ಟಿ ತಿನ್ನಿಸಿ ಕಳಸ್ತೀನಿ."